ಒಡೆದ ಡ್ರಮ್ಮಿನ ಗಂಟೆ

ಬಬಲೇಶ್ವರದ ಶಾಲೆಯೊಂದರ ಹಿತ್ತಲಿನಲ್ಲಿ, ಬೇವಿನ ಬುಡಕ್ಕೆ ಒರಗಿಸಿಟ್ಟ ಕಬ್ಬಿಣದ ಡ್ರಮ್ಮೊಂದನ್ನು ಮೊನ್ನೆ ನೋಡಿದೆ. ಲಾರಿಯ ಗಾಲಿಯೊಳಗೆ ಬ್ರೇಕು ಹಿಡಿಯುವ ಡ್ರಮ್ಮು. ಬಹಳ ವರ್ಷ ಶಾಲೆಗೆ ಗಂಟೆಯಾಗಿತ್ತು. ಅಂಚಿನಲ್ಲಿ ಸೀಳು. ಕಲ್ಲಿನಿಂದ ಬಡಿದೆ. ದಡ್ ಎಂದಿತು... ಮಿಸ್ತ್ರಿ ನೆನಪಾದರು.

ಅರವತ್ತರ ದಶಕದಲ್ಲಿ ಜಿಲ್ಲಾ ಪಟ್ಟಣದ ಸಿದ್ಧೇಶ್ವರ ಗುಡಿಯ ಹತ್ತಿರ ನಾವು ಒಂದೇ ಓಣಿಯವರು. ನಾನು ಪತ್ರಿಕೆಯೊಂದರ ವರದಿಗಾರ, ಅವರು ಗ್ಯಾರೇಜಿನ ಮಿಸ್ತ್ರಿ. ಡ್ರಮ್ಮಿನ ಒಳಮೈಗೆ ಉಗುರು ಎಳೆಯುವರು. ಅಂಚಿನಲ್ಲಿ ಉಗುರು ತಡೆದರೆ ಡ್ರಮ್ಮು ಸವೆದಿದೆ, ಇನ್ನು ಅದರ ಬ್ರೇಕು ನಂಬುವಂತಿಲ್ಲ ಎಂದರ್ಥ. ಹಾಗೆ ಸವೆದದ್ದೊಂದನ್ನು ಈ ಶಾಲೆಗೆ ಗಂಟೆ ಮಾಡಲು ಕೊಟ್ಟಿದ್ದರು. ದನಿ ಚೆನ್ನಾಗಿತ್ತು.

ಒಮ್ಮೆ, ಸಂತೆಗೆ ಜನ ಒಯ್ಯುವ ಲಾರಿಯ ಡ್ರಮ್ಮು ಒಡೆಯಿತು. ಸೊಲ್ಲಾಪುರದಿಂದ ಹೊಸದು ಬರಲಿಲ್ಲ.

"ಸಾಲ್ಯಾಗ ತೂಗಾಕತ್ತಿದ್ದು ಐತೆಲ್ಲ, ಒಂದ ಸಂತಿ ಮಟ ಹಾಕೋ ಮಿಸ್ತ್ರಿ," ಎಂದ ಲಾರಿ ಮಾಲೀಕ.

ಮಿಸ್ತ್ರಿಯೇ ಹೋಗಿ ಗಂಟೆ ಇಳಿಸಿ ತಂದು ಗಾಲಿಗೆ ಹಾಕಿದರು. ಸಂತೆ ಮುಗಿಯಿತು; ಲಾರಿ ಗ್ಯಾರೇಜಿಗೆ ಮರಳಲಿಲ್ಲ. ಚೀಲಗಳ ಮೇಲೆ ಜನರನ್ನು ಹೇರಿಕೊಂಡು ಟಿಕೋಟಾ, ಬಬಲೇಶ್ವರಕ್ಕೆ ಓಡುತ್ತಲೇ ಇತ್ತು.

ಅಂದಿನಿಂದ ಮಿಸ್ತ್ರಿ ಸಂಜೆಗೊಮ್ಮೆ ಊರಂಚಿನ ನಾಕಾದಲ್ಲಿ ನಿಲ್ಲತೊಡಗಿದರು. ಲಾರಿ ಬಂದರೆ ಗಾಲಿಯ ಬಳಿ ಕೈಯೊಡ್ಡಿ ಕಾವು ನೋಡುವರು. "ತವರಿಗೆ ಹೋದ ಹೇಣ್ತಿ ಇದರಾಗ ಬರ್ತಾಳೇನೋ ಮಿಸ್ತ್ರಿ?" ಎಂದು ಚಹಾದಂಗಡಿಯವನು ಕಾಡುತ್ತಿದ್ದ. ಸವೆದ ಡ್ರಮ್ಮು ಇನ್ನೂ ಆ ಗಾಲಿಯಲ್ಲೇ ಇದೆಯೆಂಬ ನಿಜ ಹೇಳಿದ್ದು ನನಗೊಬ್ಬನಿಗೇ. "ಪೇಪರಿನ್ಯಾಗ ಬರದ್ ಗಿರದೀರಿ ಮತ್ತ. ಹಾಕಿದ ಕೈ ನಂದ ಐತಿ."

ಬರೆಯಲಿಲ್ಲ. ಆಗದೇ ಇದ್ದದ್ದು ಸುದ್ದಿಯಲ್ಲ ಎಂದುಕೊಂಡೆ. ಆದರೆ ಟಿಕೋಟಾಕ್ಕೆ ಹೋಗಲು ಆ ಲಾರಿ ಬಿಟ್ಟು ಸೈಕಲ್ ಹಿಡಿದೆ.

"ಯಾಕ್ರೀ, ಈಗೀಗ ಸೈಕಲ್ ಮ್ಯಾಲ?" ಒಂದು ದಿನ ನಾಕಾದಲ್ಲಿ ಕೇಳಿದರು.

"ಮೈಗೆ ಚಲೋ ಅಂತ," ಅಂದೆ.

ಅವರು ನನ್ನ ಮುಖ ನೋಡಲಿಲ್ಲ. ಲಾರಿ ಹತ್ತುತ್ತಿದ್ದ ಹೆಂಗಸರನ್ನು ನೋಡಿದರು. ಆಮೇಲೆ ಹೋಗಿ ಅವರನ್ನೆಲ್ಲ ಇಳಿಸಿ, ಜಾಕ್ ಕೊಟ್ಟು, ಗಾಲಿ ಬಿಚ್ಚಿ ಡ್ರಮ್ಮು ಕಿತ್ತುಕೊಂಡರು. ಲಾರಿ ಮಾಲೀಕ ಗ್ಯಾರೇಜಿನವನಿಗೆ ಹೇಳಿ ಅವರ ಕೆಲಸ ಬಿಡಿಸಿದ. ಅದನ್ನೂ ನಾನು ಬರೆಯಲಿಲ್ಲ...

ಡ್ರಮ್ಮನ್ನು ಶಾಲೆಗೆ ಮರಳಿಸುವ ಮೊದಲು ಮಿಸ್ತ್ರಿ ಸುತ್ತಿಗೆಯಿಂದ ಹೊಡೆದು ಸೀಳಿದ್ದರು. ಗಂಟೆಯ ದನಿ ಕೆಟ್ಟಿತೆಂದು ಮಾಸ್ತರರು ಗೊಣಗಿದರಂತೆ. "ಕೆಡ್ಲಿ ಬಿಡ್ರಿ. ಇನ್ನ ಯಾರೂ ಇದನ್ನ ಗಾಲಿಗೆ ಹಾಕೂದಿಲ್ಲ," ಎಂದರಂತೆ ಇವರು.

ಮಿಸ್ತ್ರಿ ತೀರಿಹೋಗಿ ಬಹಳ ವರ್ಷಗಳಾದವು. ಮೊನ್ನೆ, ಅವರಂತೆ ನಾನೂ ಡ್ರಮ್ಮಿನೊಳಗೆ ಉಗುರು ಎಳೆದೆ. ಅಂಚಿನಲ್ಲಿ ತಡೆಯಿತು... ತಡೆದಲ್ಲೇ ಬೆರಳು ಬಹಳ ಹೊತ್ತು ನಿಂತಿತ್ತು.