ಪೇಂಟರ್ ಕಾಕಾ ಒರೆಸಿದ ಮುಖ

ಮೊನ್ನೆ ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಯಾರೋ ಗೇಟಿಗೆ ಬಣ್ಣ ಹೊಡೆಯುತ್ತಿದ್ದರು. ಟರ್ಪಂಟೈನ್ ವಾಸನೆ ಮೂಗಿಗೆ ಬಡಿದದ್ದೇ ತಡ, ಪೇಂಟರ್ ಕಾಕಾ ನೆನಪಾದರು...

ಆಗ ನಾನು ಘಾಟಬೋರಾಳದಲ್ಲಿ ಮಾಸ್ತರ. ಕಾಕಾ ಹುಮನಾಬಾದಿನವರು, ಕೂಲಿಕಾರರ ಸಂಘದ ಮನುಷ್ಯ. ಭಾಷಣ ಮಾಡಿ ಎಂದರೆ ತೊದಲುತ್ತಿದ್ದರು, ಗೋಡೆ ಕೊಟ್ಟರೆ ಹುಲಿ. ಎದುರಿಗೆ ನಿಲ್ಲಿಸಿಕೊಳ್ಳದೆ ಯಾರ ಮುಖವನ್ನೂ ಬರೆಯುತ್ತಿರಲಿಲ್ಲ. "ಇರಲ್ರಿ?" ಎಂದು ಕೇಳಿ, ಹೂಂ ಎಂದ ಮೇಲೆಯೇ ಕಣ್ಣು ತೀಡುತ್ತಿದ್ದರು. ಬೇಡ ಎಂದರೆ ಎರಡನೇ ಮಾತಿಲ್ಲದೆ ಒರೆಸುತ್ತಿದ್ದರು.

ನಮ್ಮ ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದ ಮುದುಕಿ ತೀರಿಕೊಂಡಾಗ, ಕೇರಿಯವರ ಸ್ಮಶಾನದ ದಾರಿಗೆ ಹೊಲದ ಧಣಿ ಬೇಲಿ ಹಾಕಿಸಿದ್ದ. ಕೇರಿಯ ಮೂವರ ಜೊತೆ ನಾನೂ ಹೆಗಲು ಕೊಟ್ಟಿದ್ದೆ. ಹೆಣ ಹೊತ್ತು ಬೇಲಿಯ ಮುಂದೆ ನಿಂತೇ ಇದ್ದೆವು... ಸುದ್ದಿ ತಿಳಿದು ಬಂದ ಕಾಕಾ ಅದನ್ನೇ ಸಮುದಾಯ ಭವನದ ಗೋಡೆ ತುಂಬ ಬರೆದರು. ನನ್ನನ್ನು ಕೇಳಿದಾಗ ಎದೆಯುಬ್ಬಿಸಿ "ಇರಲಿ" ಎಂದೆ.

ಸಂಘದ ಅರ್ಜಿಯ ಮೇಲೆ ದಾರಿ ನೋಡಲು ತಾಲೂಕಿನ ಸಾಹೇಬರು ಎರಡು ದಿನದಲ್ಲಿ ಬರುವವರಿದ್ದರು. ಗೋಡೆಯ ಮೇಲಿನ ನಾವು ನಾಲ್ವರೇ ಸಾಕ್ಷಿ. ಅವರು ಬರುವ ಹಿಂದಿನ ದಿನ ಬೆಳಿಗ್ಗೆ ಧಣಿಯ ಆಳು ಬಂದು ಮೊಬೈಲಿನಲ್ಲಿ ಒಂದೊಂದೇ ಮುಖದ ಫೋಟೊ ಹೊಡೆದುಕೊಂಡ. "ಮಾಸ್ತರ್ರ, ನೌಕರಿ ಸರ್ಕಾರದ್ದು ಅದಲ್ರಿ?" ಎಂದು ನಕ್ಕು ಹೋದ.

ನಾನೇ ಮೊದಲು ಹೋದೆ. "ಕಾಕಾ, ನನ್ನ ಮುಖ ಒರಸ್ರಿ."

ಅವರು ಯಾಕೆಂದು ಕೇಳಲಿಲ್ಲ. ಬಣ್ಣ ಇನ್ನೂ ಹಸಿಯಿತ್ತು, ಬಟ್ಟೆಯಿಂದ ಒರೆಸಿದರು. ಉಳಿದ ಮೂವರು ಧಣಿಯ ಹೊಲದಲ್ಲೇ ದುಡಿಯುವವರು. "ಮಾಸ್ತರೇ ಹಿಂದ ಸರ್ಯಾಕತ್ತಾರ, ನಾವ್ ಹ್ಯಾಂಗ ನಿಲ್ಲಬೇಕ್ರಿ?" ಎಂದ ಒಬ್ಬ. ಅವರ ಮುಖಗಳೂ ಹೋದವು.

ಸಂಜೆ ಕಾಕಾ ಬೈಕಿನ ಕನ್ನಡಿ ನೋಡಿಕೊಂಡು, ಹೆಣ ಹೊತ್ತ ನಾಲ್ವರಿಗೂ ತಮ್ಮದೇ ಮುಖ ಬರೆದರು.

"ಎಲ್ಲಾರೂ ನೀವೇ ಏನ್ರಿ?" ಎಂದರು ಮರುದಿನ ಬಂದ ಸಾಹೇಬರು.

"ಹೌದ್ರಿ. ಉಳದವ್ರಿಗಿ ಕೆಲಸ ಅದರಿ."

ಎದುರಿನ ಶಾಲೆಯ ಕಿಟಕಿಯಲ್ಲಿ ನಿಂತು ಕೇಳಿಸಿಕೊಂಡೆ, ಹೊರಗೆ ಬರಲಿಲ್ಲ. ಸಾಕ್ಷಿ ಇಲ್ಲವೆಂದು ಬರೆದುಕೊಂಡು ಸಾಹೇಬರು ಜೀಪು ಹತ್ತಿದರು.

ಕಾಕಾ ತೀರಿಕೊಂಡು ಎರಡು ವರ್ಷವಾಯಿತು. ಕೇರಿಯವರು ಇಂದಿಗೂ ಹೆಣ ಹೊತ್ತು ಹಳ್ಳ ಸುತ್ತಿ ಹೋಗುತ್ತಾರೆ. ನಾನು ನಿವೃತ್ತ, ನನ್ನಿಂದ ಕಸಿದುಕೊಳ್ಳಲು ಯಾರಿಗೂ ಏನೂ ಉಳಿದಿಲ್ಲ. ಆದರೂ ಹೋಗಿ ಸಾಕ್ಷಿ ಹೇಳಿಲ್ಲ. ನೌಕರಿ ಬರೀ ನೆಪ, ಅಂಜುವುದು ನನ್ನ ಗುಣವೇ ಎಂದು ಕಾಕಾರಿಗೆ ಅವತ್ತೇ ಗೊತ್ತಾಗಿತ್ತೇನೋ... ಕೇಳೋಣವೆಂದರೆ ಅವರಿಲ್ಲ.