ಮಾವೊರಿ ಚಾನೆಲ್ಲಿನ ಒಂದು ವಾರ, ನಮ್ಮ ಮನೆಯ ಒಂದು ಮದುವೆ

ತುಳುವರ ಮಳೆಗಾಲದ ಆಟಿ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ, ಮಸ್ಕತ್‌ನ ವಾದಿ ಕಬೀರ್‌ನಲ್ಲಿರುವ ನಮ್ಮ ಆಫೀಸಿನ ಪರದೆಯ ಮೇಲೆ ಗದ್ದದ ತುಂಬ ಹಚ್ಚೆ ಹಾಕಿಸಿಕೊಂಡ ಹೆಂಗಸೊಬ್ಬರು ವಾರ್ತೆ ಓದಲು ಶುರುಮಾಡಿದರು. ಒಂದು ಪದವೂ ತಿಳಿಯಲಿಲ್ಲ. ಆ ವಾರ ನನ್ನ ಕೆಲಸ ಅವರನ್ನು ನೋಡುವುದೇ ಆಗಿತ್ತು.

ನಮ್ಮದು ದೇಶವಿದೇಶದ ಟಿವಿ ಕಾರ್ಯಕ್ರಮಗಳನ್ನು ನೋಡಿ ಪಟ್ಟಿ ಮಾಡಿಕೊಡುವ ಸಣ್ಣ ಕಂಪನಿ. ಸಮಯ, ಬಗೆ, ಎರಡು ಸಾಲಿನ ಸಾರಾಂಶ. ಮಂಗಳೂರಿನ ಪತ್ರಿಕೆಯೊಂದರ ಡೆಸ್ಕಿನಲ್ಲಿ ಒಂಬತ್ತು ವರ್ಷ ದುಡಿದು ಬಂದವನಿಗೆ ಕಷ್ಟದ್ದೇನಲ್ಲ. ಕಂಡದ್ದನ್ನು ಬರೆಯುವುದು, ಕಾಣದ್ದನ್ನು ಬಿಡುವುದು. ಈ ಸಲ ಬಂದದ್ದು ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿ ಜನರ ಚಾನೆಲ್ಲಿನ ಏಳು ದಿನದ ರೆಕಾರ್ಡಿಂಗ್.

ಕಿಟಕಿಯ ಹೊರಗೆ ಗ್ಯಾರೇಜುಗಳ ಸುತ್ತಿಗೆ ಸದ್ದು, ಹುಲ್ಲು ಬೆಳೆಯದ ಕಂದು ಗುಡ್ಡ, ಬಿಸಿಲಿಗೆ ನಡುಗುವ ಡಾಂಬರು. ಪರದೆಯಲ್ಲಿ ಮಂಜು, ಒದ್ದೆ ಹುಲ್ಲು, ಉಣ್ಣೆ ಟೋಪಿ ಹಾಕಿಕೊಂಡು ಹೊಳೆಯಲ್ಲಿ ಹಾವುಮೀನು ಹಿಡಿಯುವವರು. ಅವರ ಗಡಿಯಾರ ಇಲ್ಲಿಗಿಂತ ಎಂಟು ಗಂಟೆ ಮುಂದೆ, ಊರಿನದು ಒಂದೂವರೆ ಗಂಟೆ ಮುಂದೆ. ಸೋಮವಾರ ಊಟಕ್ಕೆ ಕೂತು ಖುಬ್ಸ್ ರೊಟ್ಟಿ ಮುರಿಯುತ್ತಿದ್ದಾಗ ಇದು ಯಾವ ಹೊತ್ತು ಎಂದು ಕ್ಷಣಕಾಲ ಹೊಳೆಯಲಿಲ್ಲ. ಇಲ್ಲಿಗೆ ಬಂದು ಮೂರು ವರ್ಷ. ಬಸ್ಸಿನಲ್ಲಿ ಹಿಂದಿ, ಅಂಗಡಿಯಲ್ಲಿ ಅರ್ಧಂಬರ್ಧ ಅರಬ್ಬಿ, ರೂಮಿನಲ್ಲಿ ಮಲಯಾಳ. ತುಳು ಫೋನಿನಲ್ಲಿ ಮಾತ್ರ.

ಮಂಗಳವಾರ ಆ ಫೋನ್ ಬಂತು.

"ಗಂಡು ಸಿಕ್ಕಿದ ಮಗಾ," ಎಂದರು ಅಮ್ಮ. "ಬೆಳ್ತಂಗಡಿ ಕಡೆಯವರು. ಇದ್ದಿದ್ದರೆ ನಿನ್ನ ಅಕ್ಕನಿಗಿಂತ ಎರಡು ವರ್ಷ ದೊಡ್ಡವ. ಬಳಿ, ಗೋತ್ರ ಎಲ್ಲ ಬೇರೆ, ಸಂಬಂಧ ಆಗ್ತದೆ."

ಅಕ್ಕ ನಾನು ಹುಟ್ಟುವ ಮೊದಲೇ, ಮೂರನೇ ವಯಸ್ಸಿನಲ್ಲಿ ಜ್ವರ ಬಂದು ತೀರಿಕೊಂಡವಳು. ಮದುವೆಯಾಗದೆ ಸತ್ತವರಿಗೆ, ಹಾಗೆಯೇ ಸತ್ತ ಇನ್ನೊಬ್ಬರನ್ನು ಹುಡುಕಿ ಆಟಿಯಲ್ಲಿ ಮದುವೆ ಮಾಡುವ ಕ್ರಮ ನಮ್ಮಲ್ಲಿದೆ. ತುಳುವಿನಲ್ಲಿ ಕುಲೆ ಮದಿಮೆ. ಸೀರೆ, ಬಳೆ, ಪಂಚೆ, ಬಡಿಸಿದ ಎಲೆ ಎಲ್ಲ ಇರುತ್ತದೆ, ಮದುಮಕ್ಕಳ ಕುರ್ಚಿ ಮಾತ್ರ ಖಾಲಿ. ಹೆಣ್ಣಿನ ಕಡೆಯಿಂದ ತಮ್ಮನೇ ನಿಲ್ಲಬೇಕೆಂದು ಅಮ್ಮನ ಹಠ. ನಾನು ಎರಡು ವರ್ಷ ನೆಪ ಹೇಳಿ ತಪ್ಪಿಸಿಕೊಂಡಿದ್ದೆ.

"ಅವಳ ಮುಖವನ್ನೇ ನಾನು ನೋಡಲಿಲ್ಲ ಅಮ್ಮಾ."

"ನಾನು ನೋಡಿದ್ದೇನೆ. ಗುರುವಾರದ ಒಳಗೆ ಹೇಳು. ಅವರು ಕಾಯುವುದಿಲ್ಲ, ಬೇರೆ ಹೆಣ್ಣು ನೋಡ್ತಾರಂತೆ."

ಬುಧವಾರದ ರೆಕಾರ್ಡಿಂಗ್ ಒಂದು ಕಾರ್ಯಕ್ರಮದ ನಡುವಿನಿಂದ ಶುರುವಾಗಿತ್ತು. ಅಡಿಬರಹ ಇರಲಿಲ್ಲ. ತಲೆಗೆ ಹಸಿರೆಲೆ ಸುತ್ತಿಕೊಂಡ ಹೆಂಗಸರು ಯುವತಿಯೊಬ್ಬಳ ಫೋಟೊವನ್ನು ಎದೆಗೆ ಅವಚಿಕೊಂಡು ದೊಡ್ಡ ಅಂಗಳವೊಂದಕ್ಕೆ ಬಂದರು. ಎದುರಿನಿಂದ ಒಬ್ಬಳು ಉದ್ದನೆಯ ದನಿ ತೆಗೆದು ಕರೆದಳು. ಫೋಟೊವನ್ನು ಯುವಕನೊಬ್ಬನ ಫೋಟೊದ ಪಕ್ಕ ಇಟ್ಟರು. ಅತ್ತರು. ಇಲ್ಲಿನ ಬುರೈಮಿ ಊರಿನವನಾದ ನಮ್ಮ ಆಫೀಸಿನ ಡ್ರೈವರ್ ತನ್ನ ಚಿಕ್ಕಪ್ಪನನ್ನು ಕಂಡಾಗ ಮಾಡುವಂತೆ ಮೂಗಿಗೆ ಮೂಗು ತಾಗಿಸಿದರು. ಆಮೇಲೆ ಹಾಡು, ನಗು, ಊಟ. ನಾನು ಟೈಪ್ ಮಾಡಿದೆ: 'ಇಬ್ಬರು ಮೃತರ ಮದುವೆ. ಎರಡೂ ಮನೆಯವರ ಭೋಜನ.'

ಸಂಜೆ ಟ್ಯಾಕ್ಸಿಯಲ್ಲಿ ಕಣ್ಣು ಮುಚ್ಚಿದರೆ ಕಂದು ಗುಡ್ಡಗಳ ಮೇಲೆಲ್ಲ ಹುಲ್ಲು, ಹುಲ್ಲಿನ ನಡುವೆ ಫೋಟೊ ಹಿಡಿದ ಹೆಂಗಸರು, ಅವರ ಹಿಂದೆ ಕೊಡೆ ಹಿಡಿದು ನಡೆದು ಬರುವ ಬೆಳ್ತಂಗಡಿಯವರು.

ಗುರುವಾರ, ನಮ್ಮ ಪಟ್ಟಿಗಳನ್ನು ತಿದ್ದುವ ಉಡುಪಿಯ ಲವೀನಕ್ಕ ನನ್ನ ಮೇಜಿಗೇ ಬಂದರು.

"ಎಂತ ಮಾರಾಯ ಇದು? ಸತ್ತವರಿಗೆ ಮದುವೆಯಾ? ನೀನು ಮಾಡಿಸಿದ್ದು ಆ ಮನೆಯವರಿಗೆ ಗೊತ್ತುಂಟಾ?"

ಮರುಪ್ರಸಾರ ಹುಡುಕಿದೆವು. ಅದರಲ್ಲಿ ಇಂಗ್ಲಿಷ್ ಅಡಿಬರಹ ಇತ್ತು. ಅದು ಮದುವೆಯಲ್ಲ, ಕಾವೆ ಮಾತೆ: ತೀರಿಕೊಂಡವರ ಫೋಟೊವನ್ನು ಅವರ ಬಳಗದ ಊರುಗಳಿಗೆ ಕರೆದೊಯ್ಯುವ ವಾಡಿಕೆ. ಪಕ್ಕದಲ್ಲಿದ್ದದ್ದು ಮೊದಲೇ ಸತ್ತ ಅವಳ ಅಣ್ಣನ ಫೋಟೊ. ಮುದುಕರೊಬ್ಬರು ಫೋಟೊದ ಜೊತೆಗೇ ಮಾತಾಡುತ್ತಿದ್ದರು: ಬಂದೆಯಾ, ತಡ ಮಾಡಿದೆ, ಕೂತುಕೋ.

ಸಾಲು ಅಳಿಸಿ ಸರಿಪಡಿಸಿದೆ. ಡೆಸ್ಕಿನಲ್ಲಿದ್ದಾಗ ಇಂಥ ತಪ್ಪು ನನ್ನಿಂದ ಆಗಿರಲಿಲ್ಲ.

"ಮದುವೆ ಎಲ್ಲಿಂದ ಬಂತು ನಿನ್ನ ತಲೆಗೆ?" ಎಂದರು ಲವೀನಕ್ಕ. ಅಕ್ಕನ ವಿಷಯ ಹೇಳಿದೆ. ಅವರು ನಗಲಿಲ್ಲ.

"ಗುರುತಿಲ್ಲದವರಿಗೆ ಸಲೀಸಾಗಿ ಮದುವೆ ಮಾಡಿಸಿದಿ. ಸ್ವಂತ ಅಕ್ಕನಿಗೆ ಕೈ ಬರುವುದಿಲ್ವಾ?"

"ರಜೆ ಅರ್ಜಿಯಲ್ಲಿ ಕಾರಣ ಎಂತ ಬರೆಯುವುದು ಲವೀನಕ್ಕ? ಸುಳ್ಳು ಬರೆಯಲಿಕ್ಕೆ ಆಗುವುದಿಲ್ಲ ನನಗೆ."

"ಸುಳ್ಳು ಯಾಕೆ? ಮದುವೆ ಉಂಟಲ್ಲ. ಖಲಾಸ್, ಮುಗಿಯಿತು. ಯಲ್ಲಾ, ಬೇಗ ಬರಿ."

ಬರುತ್ತೇನೆಂದು ಅಮ್ಮನಿಗೆ ತಿಳಿಸಿದೆ. ಕಾರಣದ ಕಾಲಮಿನಲ್ಲಿ 'ಅಕ್ಕನ ಮದುವೆ' ಎಂದು ಬರೆದೆ. ಊರಿನ ಕಾಲಮಿನಲ್ಲಿ ವಾದಿ ಕಬೀರ್ ಎಂದು ಬರೆದಿದ್ದೆ. ಕೇಳಿದ್ದು ಹೋಗುವ ಊರು ಎಂದು ಒಮಾನಿ ಗುಮಾಸ್ತ ಬೆರಳಿಟ್ಟು ತೋರಿಸಿದ. ಅದನ್ನು ಹೊಡೆದು ಹಾಕಿ ಪಕ್ಕದಲ್ಲಿ ನಮ್ಮ ಊರಿನ ಹೆಸರು ಬರೆದೆ. ಅವನು ಮೊಹರು ಒತ್ತಿ, ಎದ್ದು ನಿಂತು ಕೈಕುಲುಕಿ, "ಮಬ್ರೂಕ್" ಎಂದ. ಅಭಿನಂದನೆ ಎಂದರ್ಥ.

ಮೂರು ದಿನ ರಜೆ ಮಂಜೂರಾಗಿದೆ, ಬರುವ ಭಾನುವಾರದಿಂದ ಮಂಗಳವಾರದವರೆಗೆ.