ಗಿಟಾರಿನವನ ಸಮಾಧಿ

ಮುಳ್ಳೂರಿನಲ್ಲಿ ನಮ್ಮ ಪಕ್ಕದ ಮನೆಯವನು ರೇಷ್ಮೆ ಹುಳ ಸಾಕುತ್ತಾನೆ. ಮಾತಾಡುವಾಗಲೂ ಅವನ ಬೆರಳು ಸೊಪ್ಪಿನ ಮಂಕರಿಯ ಮೇಲೆ ತಾಳ ಹಾಕುತ್ತಿರುತ್ತದೆ. ಏನು ಕೇಳಿದರೂ ಒಂದೇ ಉತ್ತರ: "ಆಯ್ತದೆ ಬುಡವ್ವ." ಹರೆಯದಲ್ಲಿ ಅವನೂ ಇಬ್ಬರು ಗೆಳೆಯರೂ ಹುಳದ ಮನೆಯಲ್ಲಿ ಗಿಟಾರು ಬಾರಿಸಿ, ಕಿರುಚಿ ಹಾಡಿ, ಒಂದು ಕ್ಯಾಸೆಟ್ ಮಾಡಿದ್ದರು. ಕೊಳ್ಳೇಗಾಲದ ಅಂಗಡಿಗಳಲ್ಲಿ ಅದನ್ನು ಯಾರೂ ಮುಟ್ಟಲಿಲ್ಲ.

ಮೊನ್ನೆ ಕಾರಿನಲ್ಲಿ ಇಬ್ಬರು ಬಂದರು. ಆ ಹಾಡುಗಳನ್ನು ಈಗ ಪಟ್ಟಣದ ಹುಡುಗರು ಹುಡುಕಿಕೊಂಡು ಕೇಳುತ್ತಾರಂತೆ. ಅವನ್ನೇ ತಟ್ಟೆಯಂಥ ಕಪ್ಪು ರೆಕಾರ್ಡಿನಲ್ಲಿ ಮತ್ತೆ ಹೊರತಂದಿದ್ದರು. ಹಾಡಿದವನು ತೀರಿಕೊಂಡನೆಂದು ಯಾರೋ ಹೇಳಿದ್ದರಂತೆ. ಅವನ ಸಮಾಧಿ ನೋಡಬೇಕು ಎಂದರು.

ಹಾಡಿದವನು, ನಮ್ಮ ಪಕ್ಕದ ಮನೆಯವನೇ, ಅವರೆದುರು ನಿಂತಿದ್ದ. ನಾನು ಬಾಯಿ ತೆರೆಯುವಷ್ಟರಲ್ಲಿ ಅವನೇ, "ನಮ್ಮಣ್ಣ ಸಾ ಅವ್ನು. ಬನ್ನಿ, ತೋರುಸ್ತೀನಿ" ಅಂದ. ನಮ್ಮಲ್ಲಿ ಸತ್ತವರನ್ನು ಅವರವರ ಹೊಲದಲ್ಲೇ ಮಣ್ಣು ಮಾಡುತ್ತೇವೆ. ಹೆಸರಿನ ಕಲ್ಲೂ ಇಲ್ಲದ ತನ್ನ ಅಪ್ಪನ ಸಮಾಧಿಗೆ ಅವರನ್ನು ಕರೆದೊಯ್ದ. ಅವರು ರೆಕಾರ್ಡನ್ನು ಅದರ ಮೇಲಿಟ್ಟು ಕಣ್ಣೊರೆಸಿಕೊಂಡರು. ಇವನೂ ಚಪ್ಪಲಿ ಬಿಟ್ಟು ಕೈಮುಗಿದ.

ಕಾರು ಹೋದ ಮೇಲೆ ಬೈದೆ. "ಲೇ, ಬದ್ಕಿರೋನು ಯಾರಾದ್ರೂ ಇಂಗ್ ಮಾಡ್ತಾನೇನ್ಲಾ? ನಿಂಗೇನ್ ಬಂದಿತ್ತು?"

"ಬದ್ಕಿವ್ನಿ ಅಂದ್ರೆ ಇನ್ನೊಂದು ಹಾಡು ಕೊಡು ಅಂತಾರೆ ಕಣವ್ವ. ಗಂಟ್ಲಲ್ಲಿ ಈಗ ಏನೂ ಉಳಿದಿಲ್ಲ."

"ಸರಿ, ಆ ರೆಕಾರ್ಡಾದ್ರೂ ಎತ್ಕೊ ಕಣ್ಲಾ. ಬಿಸಿಲಿಗೆ ಕೆಟ್ಟೋಯ್ತದೆ."

ಅವನು ಗಾಬರಿಯಿಂದ ಹಿಂದಕ್ಕೆ ಸರಿದ. "ಸತ್ತೋರಿಗೆ ಇಟ್ಟಿದ್ದನ್ನ ನಾನೆಂಗವ್ವ ಎತ್ಕಳ್ಳಾದು?"